ಉಸಿರಿನ ದಾರಿಯಲ್ಲಿ ಕಬ್ಬಿಣದ ಗೊಂಚಲು

ಕಬ್ಬಿಣವೆಂದೊಡನೆ ರಕ್ತವು ನೆನಪಾಗುವುದು ಸಹಜ. ವಯಸ್ಕರ ದೇಹದಲ್ಲಿರುವ ಸುಮಾರು 3ರಿಂದ 4 ಗ್ರಾಂ ಕಬ್ಬಿಣದಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿಯೇ ಇರುತ್ತದೆ. ಆದರೆ ಹಿಮೋಗ್ಲೋಬಿನ್ ಮಾಡುವುದು ಆಮ್ಲಜನಕವನ್ನು ಜೀವಕೋಶದ ಬಾಗಿಲಿಗೆ ತಂದು ಮುಟ್ಟಿಸುವ ಕೆಲಸವನ್ನು ಮಾತ್ರ. ಬಾಗಿಲಿನ ಒಳಗೆ, ಆ ಆಮ್ಲಜನಕವನ್ನು ಬಳಸಿಕೊಂಡು ಅನ್ನದಿಂದ ಶಕ್ತಿಯನ್ನು ಹೊರತೆಗೆಯುವಲ್ಲಿಯೂ ಕಬ್ಬಿಣವೇ ಬೇಕು. ಅದು ಅಲ್ಲಿ ನೆಲೆಗೊಂಡಿರುವ ಬಗೆಯೇ ಬೇರೆ. ಆ ಬಗೆಯನ್ನು ಅರಿತರೆ, ಕಬ್ಬಿಣದ ಔಷಧಿಯನ್ನು ಏಕೆ ಅಳೆದು ಕೊಡಬೇಕೆಂಬುದೂ ತಿಳಿಯುತ್ತದೆ.

ಜೀವಕೋಶದಲ್ಲಿರುವ ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮ ಅಂಗಗಳೇ ಈ ಉಸಿರಾಟದ ನೆಲೆ. ಉಂಡ ಆಹಾರದಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಇಲ್ಲಿನ ಒಳಪೊರೆಯಲ್ಲಿ ನೆಟ್ಟಿರುವ ದೊಡ್ಡ ಪ್ರೋಟೀನು ಸಂಕೀರ್ಣಗಳ ಮೂಲಕ ಒಂದರಿಂದ ಒಂದಕ್ಕೆ ಸಾಗಿ, ಕೊನೆಯಲ್ಲಿ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಆ ಸಾಗಣೆಯಲ್ಲಿ ಬಿಡುಗಡೆಯಾಗುವ ಶಕ್ತಿಯೇ ನಮ್ಮ ನಡಿಗೆ, ನುಡಿ, ಹೃದಯದ ಬಡಿತ. ಪ್ರೋಟೀನು ತಾನಾಗಿ ವಿದ್ಯುತ್ತನ್ನು ಹರಿಯಗೊಡುವ ವಸ್ತುವಲ್ಲ. ಆದುದರಿಂದ ಅದರ ಒಡಲೊಳಗೆ ಕಬ್ಬಿಣ ಮತ್ತು ಗಂಧಕದ ಪುಟ್ಟ ಗೊಂಚಲುಗಳನ್ನು ಕೂರಿಸಲಾಗಿದೆ.

ಕೂರಿಸಿರುವ ರೀತಿಯು ನೋಡತಕ್ಕದ್ದು. ನಾಲ್ಕು ಕಬ್ಬಿಣದ ಪರಮಾಣುಗಳೂ ನಾಲ್ಕು ಗಂಧಕದ ಪರಮಾಣುಗಳೂ ಒಂದು ಘನದ ಎಂಟು ಮೂಲೆಗಳಲ್ಲಿ ಒಂದು ಬಿಟ್ಟು ಒಂದರಂತೆ ನಿಲ್ಲುತ್ತವೆ. ಪ್ರೋಟೀನಿನ ಎಳೆಯಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದೆ. ಅದರ ತುದಿಯಲ್ಲಿಯೂ ಗಂಧಕವೇ. ಅಕ್ಕಸಾಲಿಗನು ಉಂಗುರದಲ್ಲಿ ಹರಳನ್ನು ಕೂರಿಸುವಾಗ ನಾಲ್ಕು ಉಗುರುಗಳನ್ನು ಎಬ್ಬಿಸಿ ಅದನ್ನು ಹಿಡಿಸುವಂತೆ, ನಾಲ್ಕು ಸಿಸ್ಟೀನುಗಳು ನಾಲ್ಕು ಕಬ್ಬಿಣಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತವೆ. ಎರಡೇ ಕಬ್ಬಿಣ, ಎರಡೇ ಗಂಧಕವಿರುವ ಚಪ್ಪಟೆ ಗೊಂಚಲುಗಳೂ ಉಂಟು. ಬಹುಪಾಲು ಗೊಂಚಲುಗಳಿಗೆ ಸಿಸ್ಟೀನೇ ಹಿಡಿಕೆ.

ಮನುಷ್ಯನ ಮೊದಲನೆಯ ಸಂಕೀರ್ಣದಲ್ಲಿ ಇಂತಹ 8 ಗೊಂಚಲುಗಳಿವೆ. ಅವುಗಳಲ್ಲಿ 7, ಹಳ್ಳ ದಾಟಲು ಇಟ್ಟ ಕಲ್ಲುಗಳಂತೆ ಸಾಲಾಗಿ ನಿಂತಿವೆ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸುಮಾರು 1.4 ನ್ಯಾನೋಮೀಟರಿಗಿಂತ ಹೆಚ್ಚು ಅಂತರವಿಲ್ಲ. ಅದನ್ನು ಮೀರಿದರೆ ಎಲೆಕ್ಟ್ರಾನು ವೇಗವಾಗಿ ಜಿಗಿಯಲಾರದು. ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೆಂಬುದನ್ನು ನೆನೆದರೆ ಈ ಜೋಡಣೆಯ ನಿಖರತೆ ತಿಳಿದೀತು. 2006ರಲ್ಲಿ ಕೇಂಬ್ರಿಡ್ಜಿನ ಸಝಾನೋವ್ ಮತ್ತು ಹಿಂಚ್‌ಲಿಫ್ ಅವರು ಬಿಸಿನೀರ ಬುಗ್ಗೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯದ ಸಂಕೀರ್ಣವನ್ನು ಹರಳುಗಟ್ಟಿಸಿ, ಎಕ್ಸ್-ಕಿರಣಗಳಿಂದ ಈ ಸಾಲನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು.

ಮೂರನೆಯ ಸಂಕೀರ್ಣದಲ್ಲಿ ಹಿಡಿಕೆಯೇ ಬದಲಾಗುತ್ತದೆ. 1964ರಲ್ಲಿ ವರದಿಯಾದ, ರೀಸ್ಕೆಯವರ ಹೆಸರಿನಿಂದ ಪ್ರಸಿದ್ಧವಾದ ಪ್ರೋಟೀನಿನಲ್ಲಿ ಒಂದು ಕಬ್ಬಿಣವನ್ನು ಎರಡು ಸಿಸ್ಟೀನುಗಳೂ ಇನ್ನೊಂದನ್ನು ಹಿಸ್ಟಿಡೀನ್ ಎಂಬ ಬೇರೊಂದು ಅಮೈನೋ ಆಮ್ಲದ ಎರಡು ಅಣುಗಳೂ ಹಿಡಿದಿವೆ. ಲೋಹ ಅದೇ, ಗಂಧಕ ಅದೇ. ಹಿಡಿಯುವ ಕೈ ಬೇರೆಯಾದುದರಿಂದ ಈ ಗೊಂಚಲಿಗೆ ಎಲೆಕ್ಟ್ರಾನನ್ನು ಸೆಳೆಯುವ ಬಲ ಹೆಚ್ಚು. ಗೊಂಚಲನ್ನು ಹೊತ್ತ ಪ್ರೋಟೀನಿನ ತಲೆಯು ಅತ್ತಿಂದಿತ್ತ ವಾಲಿ ಎಲೆಕ್ಟ್ರಾನನ್ನು ಮುಂದಕ್ಕೆ ಮುಟ್ಟಿಸುತ್ತದೆ. ಕೊನೆಯ ಸಂಕೀರ್ಣದ ಹೆಬ್ಬಾಗಿಲಲ್ಲಿ ತಾಮ್ರವಿದೆ. ಅಲ್ಲಿಯೂ ಎರಡು ತಾಮ್ರಗಳನ್ನು ಬೆಸೆದಿರುವುದು ಸಿಸ್ಟೀನಿನ ಗಂಧಕವೇ.

ಇಷ್ಟೊಂದು ಬಂದೋಬಸ್ತು ಏಕೆ? ಬಿಡಿಯಾಗಿ ಅಲೆಯುವ ಕಬ್ಬಿಣವು ಜೀವಕೋಶಕ್ಕೆ ಹಗೆ. ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿದರೆ ಅದು ಕೋಶದ ಪೊರೆಯನ್ನೂ ವಂಶದ್ರವ್ಯವನ್ನೂ ಸುಡುವಂತಹ ಕಣಗಳನ್ನು ಹುಟ್ಟಿಸುತ್ತದೆ. ಆದುದರಿಂದಲೇ ಗೊಂಚಲುಗಳನ್ನು ಕಟ್ಟಲು ಮೈಟೊಕಾಂಡ್ರಿಯದಲ್ಲಿ ಪ್ರತ್ಯೇಕ ಪ್ರೋಟೀನುಗಳ ತಂಡವಿದೆ. ಒಂದು ಪ್ರೋಟೀನು ಸಿಸ್ಟೀನಿನಿಂದ ಗಂಧಕವನ್ನು ಬಿಡಿಸುತ್ತದೆ, ಇನ್ನೊಂದು ಅಚ್ಚಿನಂತೆ ನಿಂತು ಗೊಂಚಲನ್ನು ಕಟ್ಟಿಸಿಕೊಳ್ಳುತ್ತದೆ, ಫ್ರಟಾಕ್ಸಿನ್ ಎಂಬುದು ಈ ಕಾರ್ಯವನ್ನು ಚುರುಕುಗೊಳಿಸುತ್ತದೆ.

ಈ ಫ್ರಟಾಕ್ಸಿನ್ ಕಡಿಮೆಯಾದರೆ ಏನಾಗುವುದೆಂಬುದಕ್ಕೆ ಒಂದು ಕಾಯಿಲೆಯೇ ಸಾಕ್ಷಿ. 1863ರಲ್ಲಿ ಜರ್ಮನಿಯ ವೈದ್ಯ ಫ್ರೀಡ್ರೈಕ್ ಅವರು ವರ್ಣಿಸಿದ, ಅವರ ಹೆಸರಿನ ಅಟಾಕ್ಸಿಯ ಅದು. ಸಾಮಾನ್ಯವಾಗಿ ಹದಿವಯಸ್ಸಿನಲ್ಲಿ ನಡಿಗೆ ತೂರಾಡತೊಡಗುತ್ತದೆ, ಮಾತು ತೊದಲುತ್ತದೆ, ಅನೇಕರಲ್ಲಿ ಹೃದಯದ ಸ್ನಾಯು ದಪ್ಪವಾಗುತ್ತದೆ. ಅದರ ಮೂಲವಾದ ವಂಶವಾಹಿಯು ಪತ್ತೆಯಾದದ್ದು 1996ರಲ್ಲಿ. ಇಂತಹ ರೋಗಿಯ ಹೃದಯದಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಅದು ಸಂಗ್ರಹವಾಗಿಯೇ ಇರುತ್ತದೆ. ಆದರೆ ಗೊಂಚಲುಗಳು ಸಾಕಷ್ಟಿಲ್ಲ. ಕಣಜ ತುಂಬಿದ್ದರೂ ಒಲೆ ಹೊತ್ತದ ಮನೆಯ ಸ್ಥಿತಿ. ಇಂತಹವರಿಗೆ ಕಬ್ಬಿಣವನ್ನು ಕೊಟ್ಟು ಪ್ರಯೋಜನವಿಲ್ಲ.

ಕಬ್ಬಿಣದ ಬರವನ್ನು ಅರಿಯಲು ಜೀವಕೋಶವು ಬಳಸುವುದೂ ಒಂದು ಗೊಂಚಲನ್ನೇ ಎಂಬುದು ನಮ್ಮನ್ನು ಬಹಳ ಸೆಳೆದ ಸಂಗತಿ. ಜೀವರಸದಲ್ಲಿರುವ ಅಕೋನಿಟೇಸ್ ಎಂಬ ಪ್ರೋಟೀನು, ಕಬ್ಬಿಣ ಕೊರತೆಯಾದಾಗ ತನ್ನ ಗೊಂಚಲನ್ನು ಕಳೆದುಕೊಂಡು ಬೇರೊಂದು ವೇಷವನ್ನು ತಾಳುತ್ತದೆ. ಕಬ್ಬಿಣವನ್ನು ಕೂಡಿಡುವುದನ್ನು ತಗ್ಗಿಸಿ, ಹೊರಗಿನಿಂದ ಬರಮಾಡಿಕೊಳ್ಳುವುದನ್ನು ಹೆಚ್ಚಿಸುವಂತೆ ಕೋಶಕ್ಕೆ ಸೂಚಿಸುತ್ತದೆ.

ಚರಕ ಸಂಹಿತೆಯು ಪಾಂಡುರೋಗಕ್ಕೆ ಲೋಹಯುಕ್ತವಾದ ನವಾಯಸ ಚೂರ್ಣವನ್ನು ಹೇಳಿದೆ. ನಾವು ಅದನ್ನು ಗೌರವದಿಂದಲೇ ಬಳಸುತ್ತೇವೆ. ಆದರೆ ಪೂರ್ವಾಚಾರ್ಯರು ಈ ಗೊಂಚಲುಗಳನ್ನೂ ಕಂಡಿದ್ದರೆಂದು ಹೇಳುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅವರು ಕಂಡದ್ದು ರೋಗಿಯ ಬಿಳಿಚಿದ ಮುಖವನ್ನು, ಏದುಸಿರನ್ನು. ಅದು ಸಣ್ಣ ಕಾಣ್ಕೆಯೇನಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಸರಿಯಾಗಿದ್ದೂ ದೇಹದ ಕಬ್ಬಿಣದ ಸಂಗ್ರಹ ಬರಿದಾಗಿರುವವರು ಬೇರೆ. ಮನೆಗೆಲಸ ಮುಗಿಯುವ ಮುನ್ನವೇ ಸೋತು ಕೂರುವ ತಾಯಿಗೆ "ರಕ್ತ ಸರಿಯಿದೆ, ಏನೂ ಇಲ್ಲ" ಎಂದು ಹೇಳಿ ಕಳುಹಿಸುವುದು ಸಲ್ಲದು; ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಬೇಕು. ಪರೀಕ್ಷೆಯಿಲ್ಲದೆ, ಪಕ್ಕದ ಮನೆಯವರ ಮಾತು ಕೇಳಿ ಲೋಹಭಸ್ಮವನ್ನಾಗಲಿ ಮಾತ್ರೆಯನ್ನಾಗಲಿ ತಿಂಗಳುಗಟ್ಟಲೆ ನುಂಗುವುದೂ ಅಷ್ಟೇ ತಪ್ಪು. ಥಲಸೀಮಿಯಾದಿಂದ ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುವವರಲ್ಲಿ ಹೆಚ್ಚಾದ ಕಬ್ಬಿಣವು ಯಕೃತ್ತನ್ನೂ ಹೃದಯವನ್ನೂ ಕೆಡಿಸುತ್ತದೆ. ಕಬ್ಬಿಣದ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ. ಒಮ್ಮೆಗೇ ಹಲವು ನುಂಗಿದರೆ ಪ್ರಾಣಾಪಾಯವಿದೆ. ಇನ್ನೊಂದು ಮಾತು: ಜ್ವರ, ಉರಿಯೂತಗಳಿದ್ದಾಗ ಫೆರಿಟಿನ್ ಏರಿ ತೋರುವುದರಿಂದ, ಆ ಪರೀಕ್ಷೆಯನ್ನು ಜ್ವರ ಬಿಟ್ಟು ಚೇತರಿಸಿಕೊಂಡ ಮೇಲೆ ಮಾಡಿಸುವುದು ಒಳ್ಳೆಯದು.