ಮಂಜಿನಂಗಳದಲ್ಲಿ ಸರದಿ ಕಾಯುವವರು

ಟೊರಾಂಟೊದ ಕಾರ್ಲ್ಟನ್ ಬೀದಿಯೂ ಚರ್ಚ್ ಬೀದಿಯೂ ಕೂಡುವ ಮೂಲೆಯಲ್ಲಿ ಲಾಬ್ಲಾಸ್ ಎಂಬ ಸೂಪರ್ ಮಾರ್ಕೆಟ್ ಇದೆ. ಅಲ್ಲಿನ ಡಬ್ಬಿ, ಪೊಟ್ಟಣಗಳ ಸಾಲಿನ ನಡುವೆ ನೆಲದ ಮೇಲೊಂದು ಕೆಂಪು ಚುಕ್ಕೆ. ಸಾಮಾನು ತುಂಬಿದ ತಳ್ಳುಗಾಡಿಗಳು ಅದರ ಮೇಲೆಯೇ ಹಾದುಹೋಗುತ್ತವೆ. ನಿಂತು ನೋಡುವವರು ಕಡಿಮೆ. ತಂಗಿಯ ಮನೆಗೆಂದು ಹೋಗಿದ್ದ ನಾನು ಸೊಪ್ಪು, ಮೊಸರು ತರುವ ನೆಪ ಮಾಡಿಕೊಂಡು ಹುಡುಕಿ ಹೋಗಿದ್ದು ಆ ಚುಕ್ಕೆಯನ್ನೇ. ಮೇಪಲ್ ಲೀಫ್ ಗಾರ್ಡನ್ಸ್ ಎಂಬ ಐಸ್ ಹಾಕಿ ಅಂಗಳದ ನಟ್ಟನಡು ಇದ್ದ ಜಾಗ ಅದು. 1931ರ ನವೆಂಬರ್‌ನಿಂದ 1999ರ ಫೆಬ್ರವರಿವರೆಗೆ ಟೊರಾಂಟೊ ಮೇಪಲ್ ಲೀಫ್ಸ್ ತಂಡಕ್ಕೆ ಇದೇ ತವರು. ಆ ಅವಧಿಯಲ್ಲಿ ತಂಡ ಐಸ್ ಹಾಕಿಯ ಪರಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದದ್ದು ಹನ್ನೊಂದು ಸಲ, ಕೊನೆಯದು 1967ರಲ್ಲಿ. ಹಳೆಯ ನೀಲಿ ಕುರ್ಚಿಗಳನ್ನು ಜೋಡಿಸಿ ಮಾಡಿದ ದೊಡ್ಡದೊಂದು ಮೇಪಲ್ ಎಲೆ ಅಂಗಡಿಯ ಗೋಡೆಯಲ್ಲಿ ಇವತ್ತಿಗೂ ಇದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಲಿನ ಮಹಡಿ. ಅಂಗಡಿಯ ನೆತ್ತಿಯ ಮೇಲೆ, ಅದೇ ಹಳೆಯ ಗುಮ್ಮಟದ ಕೆಳಗೆ, ಈಗಲೂ ಒಂದು ರಿಂಕ್ ಇದೆ. ಟೊರಾಂಟೊ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯದ್ದು. ನಾನು ಹೋದಾಗ ಝಾಂಬೋನಿ ಯಂತ್ರ ಮಂಜುಗಡ್ಡೆಯ ಮೇಲ್ಪದರವನ್ನು ಹೆರೆದು, ನೀರು ಹರಡಿ, ಕನ್ನಡಿಯಂತೆ ಮಾಡಿ ಆಗಷ್ಟೇ ಹೊರಬಿದ್ದಿತ್ತು. ಹುಡುಗರು ಅಭ್ಯಾಸಕ್ಕೆ ಇಳಿದರು. ಎಲ್ಲರೂ ಪಕ್ ಎಂಬ ರಬ್ಬರ್ ಬಿಲ್ಲೆಯ ಹಿಂದೆ ಓಡಿದರೆ ಗೋಲ್‌ಕೀಪರ್ ಹುಡುಗ ಮಾತ್ರ ಗೋಲಿನ ಮುಂದೆ ನಿಂತು ಎರಡೂ ಸ್ಕೇಟುಗಳಿಂದ ಎಡಕ್ಕೆ ಬಲಕ್ಕೆ ಕೆರೆಯತೊಡಗಿದ. ಹೊಸ ಐಸ್ ಕಾಲಿಗೆ ತೀರಾ ಜಾರುತ್ತದೆ. ತನ್ನ ಜಾಗವನ್ನು ತಾನೇ ಒರಟು ಮಾಡಿಕೊಳ್ಳದಿದ್ದರೆ ಗೋಲ್‌ಕೀಪರ್‌ಗೆ ಕಾಲೂರಲು ಆಗುವುದಿಲ್ಲ. ಬಿಳಿ ಪುಡಿ ಎದ್ದು ಎರಡೂ ಕಂಬಗಳ ಬುಡದಲ್ಲಿ ಗುಡ್ಡೆಯಾಯಿತು. ಸ್ಟಿಕ್‌ನಿಂದ ಎಡಗಂಬಕ್ಕೊಂದು, ಬಲಗಂಬಕ್ಕೊಂದು ತಟ್ಟಿ, ಮಂಡಿ ಬಾಗಿಸಿ ನಿಂತ. ಪಕ್ಕದ ಬೆಂಚಿನಲ್ಲಿ ಕಾಫಿ ಹಿಡಿದು ಕೂತಿದ್ದವರು ಆ ಹುಡುಗನ ಅಪ್ಪ. ಮಾತಿಗೆ ಮಾತು ಬೆಳೆದು, "ಡೇವಿಡ್ ಏರ್ಸ್ ಕೆಲಸ ಮಾಡುತ್ತಿದ್ದದ್ದು ಇದೇ ಕಟ್ಟಡದಲ್ಲಿ, ಗೊತ್ತಲ್ಲ?" ಎಂದರು. ನನಗೆ ಗೊತ್ತಿರಲಿಲ್ಲ. ತಿಳಿದ ಸಂಭ್ರಮ ಇನ್ನೂ ಇಳಿದಿಲ್ಲ.

ಏರ್ಸ್ ಹೆಸರು ಹಲವರಿಗೆ ನೆನಪಿರಬಹುದು. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಪಂದ್ಯದಲ್ಲಿ ಪ್ರತಿ ತಂಡ ಇಬ್ಬರು ಗೋಲ್‌ಕೀಪರ್‌ಗಳನ್ನು ಸಜ್ಜಾಗಿಡುತ್ತದೆ. ಇಬ್ಬರೂ ಗಾಯಗೊಂಡರೆ? ಅದಕ್ಕೆಂದೇ ಆತಿಥೇಯ ತಂಡ ಊರಿನ ಒಬ್ಬ ಹವ್ಯಾಸಿಯನ್ನು ಗ್ಯಾಲರಿಯಲ್ಲಿ ಕೂರಿಸಿರಬೇಕಿತ್ತು. ಯಾವ ತಂಡಕ್ಕೆ ಬೇಕಾದರೂ ಅವನೇ. ಋತುಪೂರ್ತಿ ಕೂತರೂ ಕರೆ ಬರುವುದು ಅಪರೂಪ ಎಂಬುದು ಅವನಿಗೂ ಗೊತ್ತಿತ್ತು, ತಂಡಗಳಿಗೂ ಗೊತ್ತಿತ್ತು. 2020ರ ಫೆಬ್ರವರಿ 22ರ ರಾತ್ರಿ ಟೊರಾಂಟೊದಲ್ಲಿ ಹಾಗೆ ಕೂತಿದ್ದವರು 42 ವರ್ಷದ ಏರ್ಸ್. ಝಾಂಬೋನಿ ಓಡಿಸಿದವರು, ರಿಂಕಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು, ಮೇಪಲ್ ಲೀಫ್ಸ್‌ನ ಕಿರಿಯ ತಂಡವಾದ ಮಾರ್ಲೀಸ್‌ಗೆ ಅಭ್ಯಾಸದಲ್ಲಿ ಗೋಲು ಕಾಯುತ್ತಿದ್ದವರು. 2004ರಲ್ಲಿ ಅವರಿಗೆ ಮೂತ್ರಪಿಂಡದ ಕಸಿಯಾಗಿತ್ತು. ಕೊಟ್ಟವರು ಹೆತ್ತ ತಾಯಿ. ವೃತ್ತಿಪರನಾಗುವ ಆಸೆ ಅಲ್ಲಿಗೆ ಮುಗಿದಿತ್ತು.

ಆ ರಾತ್ರಿ ಎದುರಾಳಿ ಕೆರೊಲಿನಾ ಹರಿಕೇನ್ಸ್‌ನ ಗೋಲ್‌ಕೀಪರ್ ಜೇಮ್ಸ್ ರೈಮರ್ ಮೊದಲು ಗಾಯಗೊಂಡರು. ಎರಡನೇ ಅವಧಿಯಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಪೀಟರ್ ಮ್ರಾಜೆಕ್ ಡಿಕ್ಕಿಯಾಗಿ ಬಿದ್ದರು. ಕೆರೊಲಿನಾ 3–1ರಿಂದ ಮುಂದಿತ್ತು. ಏರ್ಸ್ ಗ್ಯಾಲರಿಯಿಂದ ಇಳಿದು ಕೆರೊಲಿನಾದ 90ನೇ ನಂಬರಿನ ಅಂಗಿ ತೊಟ್ಟರು. ತಲೆಗೆ ಮಾತ್ರ ಟೊರಾಂಟೊ ಕಡೆಯದೇ ಹೆಲ್ಮೆಟ್. ತಾನು ಅಭ್ಯಾಸದಲ್ಲಿ ನೆರವಾಗುತ್ತಿದ್ದ ಸಂಸ್ಥೆಯ ವಿರುದ್ಧವೇ, ಅದರ ಅಂಗಳದಲ್ಲೇ ಆಡಬೇಕಾಗಿ ಬಂತು. ಬಂದ ಮೊದಲ ಎರಡು ಹೊಡೆತಗಳೂ ಗೋಲಾದವು. ಆಮೇಲೆ ಬಂದ ಎಂಟನ್ನೂ ತಡೆದರು. ಕೆರೊಲಿನಾ 6–3ರಿಂದ ಗೆದ್ದಿತು. ಎದುರಾಳಿ ಪ್ರೇಕ್ಷಕರೂ ಎದ್ದು ಚಪ್ಪಾಳೆ ತಟ್ಟಿದರು. ಡ್ರೆಸಿಂಗ್ ರೂಮಿನಲ್ಲಿ ಸಹ ಆಟಗಾರರು ನೀರೆರಚಿ ತೋಯಿಸಿದರು. ಸಿಕ್ಕ ಕೂಲಿ 500 ಡಾಲರ್, ಜೊತೆಗೆ ತೊಟ್ಟಿದ್ದ ಅಂಗಿ. ಅವರ ಸ್ಟಿಕ್ ಇದೇ ಊರಿನ ಹಾಕಿ ಹಾಲ್ ಆಫ್ ಫೇಮ್ ಸೇರಿತು.

ಇಂಥ ಕಥೆಗಳ ಹಿಂದೆ ಬಿದ್ದರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. 2018ರ ಮಾರ್ಚ್‌ನಲ್ಲಿ ಷಿಕಾಗೊ ಬ್ಲ್ಯಾಕ್‌ಹಾಕ್ಸ್ ಪರವಾಗಿ ಹೀಗೇ ಇಳಿದ ಸ್ಕಾಟ್ ಫಾಸ್ಟರ್ 36 ವರ್ಷದ ಲೆಕ್ಕಿಗ. ಕೊನೆಯ 14 ನಿಮಿಷ ನಿಂತು ಏಳಕ್ಕೆ ಏಳೂ ಹೊಡೆತ ತಡೆದರು. ಇನ್ನೂ ಹಿಂದೆ, 1928ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ಗೋಲ್‌ಕೀಪರ್ ಗಾಯಗೊಂಡಾಗ 44 ವರ್ಷದ ಕೋಚ್ ಲೆಸ್ಟರ್ ಪ್ಯಾಟ್ರಿಕ್ ತಾವೇ ಪ್ಯಾಡ್ ಕಟ್ಟಿ ನಿಂತರು, ತಂಡ ಪಂದ್ಯವನ್ನೂ ಗೆದ್ದಿತು. ಆಗ ಎರಡನೇ ಗೋಲ್‌ಕೀಪರ್ ಇಟ್ಟುಕೊಳ್ಳುವ ಪದ್ಧತಿಯೇ ಇರಲಿಲ್ಲ. ಅದು ಕಡ್ಡಾಯವಾದದ್ದು 1960ರ ದಶಕದ ಮಧ್ಯಭಾಗದಲ್ಲಿ.

ಏರ್ಸ್ ಕಥೆ ಕಣ್ಣಿಗೆ ಕಟ್ಟುವುದು ಅದು ಅಪವಾದವಾದ್ದರಿಂದ. ಉಳಿದವರ ದಾರಿ ಎಷ್ಟು ಉದ್ದ ಎಂಬುದನ್ನು ನನ್ನ ಪಕ್ಕ ಕೂತಿದ್ದ ಅಪ್ಪ ಬಲ್ಲರು. ನಾಲ್ಕೈದು ವರ್ಷಕ್ಕೆ ಸ್ಕೇಟಿಂಗ್. ಬೆಳಗಿನ ಜಾವದ ಐಸ್. ಮಗು ಬೆಳೆದಂತೆಲ್ಲ ಹೊಸ ಪ್ಯಾಡು, ಹೊಸ ಸ್ಕೇಟು. ಗೋಲ್‌ಕೀಪರ್ ಆದರಂತೂ ಖರ್ಚು ಇನ್ನೂ ಹೆಚ್ಚು. ಹದಿನಾಲ್ಕು, ಹದಿನೈದನೇ ವಯಸ್ಸಿಗೇ ಕೆನಡಾದ ಜೂನಿಯರ್ ಲೀಗ್‌ಗಳು ಹುಡುಗರನ್ನು ಆರಿಸಿಕೊಳ್ಳುತ್ತವೆ: ಒಂಟಾರಿಯೊ, ಕ್ವಿಬೆಕ್, ಪಶ್ಚಿಮ ಪ್ರಾಂತಗಳ ಮೂರು ಲೀಗ್. ಹದಿನಾರಕ್ಕೆ ಹುಡುಗ ಮನೆ ಬಿಟ್ಟು, ಪರ ಊರಿನಲ್ಲಿ ಅಪರಿಚಿತ ಕುಟುಂಬವೊಂದರ ಮನೆಯಲ್ಲಿ ಇದ್ದುಕೊಂಡು, ಶಾಲೆಗೆ ಹೋಗಿ, ರಾತ್ರಿ ಬಸ್ಸಿನಲ್ಲಿ ಮುಂದಿನ ಪಂದ್ಯದ ಊರಿಗೆ ಹೊರಡುತ್ತಾನೆ. ಇನ್ನೊಂದು ದಾರಿ ಅಮೆರಿಕದ ಕಾಲೇಜು. ಜೂನಿಯರ್ ಲೀಗ್ ಆಡಿದವರಿಗೆ ದಶಕಗಳ ಕಾಲ ಮುಚ್ಚಿದ್ದ ಆ ಬಾಗಿಲು 2025ರಲ್ಲಷ್ಟೇ ತೆರೆಯಿತು. ಹದಿನೆಂಟಕ್ಕೆ, ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ಎನ್‌ಎಚ್‌ಎಲ್ ಡ್ರಾಫ್ಟ್: 32 ತಂಡ, ಏಳು ಸುತ್ತು, 224 ಹೆಸರು. ಟಿವಿಯಲ್ಲಿ ನಾವು ನೋಡುವುದು ಮೊದಲ ಸುತ್ತಿನ ಹುಡುಗರ ಸೂಟು, ಅಮ್ಮಂದಿರ ಕಣ್ಣೀರು. ಹೆಸರು ಕೂಗಿಸಿಕೊಂಡವರಲ್ಲೂ ಬಹಳ ಮಂದಿ ದೊಡ್ಡ ಲೀಗಿನ ಒಂದು ಪಂದ್ಯವನ್ನೂ ಕಾಣುವುದಿಲ್ಲ.

ಡ್ರಾಫ್ಟ್ ಆದ ಮೇಲೆ ಹೆಚ್ಚಿನವರು ಹೋಗುವುದು ಅಮೆರಿಕನ್ ಹಾಕಿ ಲೀಗ್‌ಗೆ. 1936ರಲ್ಲಿ ಶುರುವಾದ ಎಎಚ್‌ಎಲ್ ನಮ್ಮ ರಣಜಿ ಇದ್ದ ಹಾಗೆ. ಇಂದಿನ ಎನ್‌ಎಚ್‌ಎಲ್ ಆಟಗಾರರಲ್ಲಿ ಸುಮಾರು ಶೇ 90 ಮಂದಿ ಅಲ್ಲಿ ಆಡಿಯೇ ಬಂದವರು. ಎಷ್ಟೋ ಒಪ್ಪಂದಗಳಲ್ಲಿ ಎರಡು ಸಂಬಳ ಬರೆದಿರುತ್ತದೆ: ಮೇಲಿದ್ದರೆ ಒಂದು, ಕೆಳಗಿದ್ದರೆ ಅದರ ಸಣ್ಣ ಪಾಲು. ಬೆಳಗ್ಗೆ ಫೋನ್ ಬಂದರೆ ಸಂಜೆ ಮೇಲೆ; ವಾರ ಕಳೆದ ಮೇಲೆ ಇನ್ನೊಂದು ಫೋನ್ ಬಂದರೆ ಕೆಳಗೆ. ಬಾಡಿಗೆ ಮನೆ, ಹೆಂಡತಿ ಮಕ್ಕಳು ಎಲ್ಲ ಆ ಫೋನಿಗೆ ತಕ್ಕಂತೆ. ರಾಬಿನ್ ಬಾವಾ ಅವರನ್ನೇ ನೋಡಿ. ಬ್ರಿಟಿಷ್ ಕೊಲಂಬಿಯಾದ ಸಿಖ್ ಕುಟುಂಬದ ಹುಡುಗ, ಯಾವ ತಂಡವೂ ಡ್ರಾಫ್ಟ್ ಮಾಡಲಿಲ್ಲ. 1989ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಪರ ಇಳಿದು ಎನ್‌ಎಚ್‌ಎಲ್ ಆಡಿದ ಮೊದಲ ಭಾರತೀಯ ಮೂಲದ ಆಟಗಾರರಾದರು. ನಾಲ್ಕು ತಂಡ ಸೇರಿ ಒಟ್ಟು 61 ಪಂದ್ಯ. ವೃತ್ತಿಯ ಉಳಿದ ಭಾಗವೆಲ್ಲ ಕೆಳ ಲೀಗ್‌ಗಳಲ್ಲೇ. ಮಾರ್ಟಿನ್ ಸೇಂಟ್ ಲೂಯಿಯವರನ್ನೂ ಡ್ರಾಫ್ಟ್‌ನಲ್ಲಿ ಯಾರೂ ಕೇಳಲಿಲ್ಲ. 2004ರಲ್ಲಿ ಅವರು ಲೀಗಿನ ಶ್ರೇಷ್ಠ ಆಟಗಾರರಾದರು, ಕಪ್ಪನ್ನೂ ಗೆದ್ದರು. ಹದಿನೆಂಟರ ಹುಡುಗನ ಭವಿಷ್ಯವನ್ನು ಒಂದು ಸಂಜೆಯ ಪಟ್ಟಿಯಲ್ಲಿ ಓದಬಲ್ಲೆವೆಂಬ ಜನರ ಮಾತನ್ನು ನಾನು ನಂಬುವುದಿಲ್ಲ.

ನನ್ನ ಈ ಅಪನಂಬಿಕೆಗೆ ಆಧಾರ ಗಾರ್ಡನ್ಸ್‌ನ ಅದೇ ಗುಮ್ಮಟದ ಕೆಳಗೆ ಗೋಲು ಕಾಯ್ದ ಜಾನಿ ಬವರ್. 1924ರಲ್ಲಿ ಸಸ್ಕ್ಯಾಚೆವಾನ್‌ನ ಪ್ರಿನ್ಸ್ ಆಲ್ಬರ್ಟ್‌ನಲ್ಲಿ ಹುಟ್ಟಿದ ಬಡ ಉಕ್ರೇನಿಯನ್ ಮನೆಯ ಮಗ. ಅಪ್ಪ ಮರದ ಕೊಂಬೆ ಕಡಿದು ಸ್ಟಿಕ್ ಮಾಡಿಕೊಟ್ಟರು, ಹಳೆಯ ಹಾಸಿಗೆ ಹರಿದು ಪ್ಯಾಡ್ ಆಯಿತು, ಹೆಪ್ಪುಗಟ್ಟಿದ ಕುದುರೆ ಲದ್ದಿಯೇ ಪಕ್. ವಯಸ್ಸು ಹೆಚ್ಚು ಹೇಳಿ ಸೈನ್ಯ ಸೇರಿದರು. 1945ರಲ್ಲಿ ಎಎಚ್‌ಎಲ್‌ನ ಕ್ಲೀವ್‌ಲ್ಯಾಂಡ್ ಬ್ಯಾರನ್ಸ್‌ಗೆ ಬಂದರು. ಆಗ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದು ಆರೇ ತಂಡ, ಅಂದರೆ ಇಡೀ ಲೋಕದಲ್ಲಿ ಗೋಲ್‌ಕೀಪರ್‌ಗೆ ಆರೇ ಕುರ್ಚಿ. 1953–54ರಲ್ಲಿ ರೇಂಜರ್ಸ್ ಪರ 70ಕ್ಕೆ 70 ಪಂದ್ಯ ಆಡಿದರೂ ಮುಂದಿನ ವರ್ಷ ಆ ಕುರ್ಚಿ ಗಂಪ್ ವೋರ್ಸ್ಲಿಗೆ ಹೋಯಿತು. ಬವರ್ ಮತ್ತೆ ಕೆಳಗೆ. ಅಲ್ಲಿ ಸತತ ಮೂರು ವರ್ಷ ಲೀಗಿನ ಶ್ರೇಷ್ಠ ಆಟಗಾರನೆನಿಸಿಕೊಂಡರೂ ಮೇಲೆ ಕಾಯಂ ಜಾಗ ಸಿಗಲಿಲ್ಲ.

1958ರಲ್ಲಿ ಟೊರಾಂಟೊ ಕರೆದಾಗ ಬವರ್ ಮೂವತ್ನಾಲ್ಕರ ಹೊಸ್ತಿಲಲ್ಲಿದ್ದರು. ಕ್ಲೀವ್‌ಲ್ಯಾಂಡ್‌ನಲ್ಲೇ ನೆಮ್ಮದಿಯಾಗಿದ್ದೇನೆ, ಯಾಕೆ ಬರಲಿ ಎಂದು ಹಿಂಜರಿದರು. ಕಡೆಗೂ ಬಂದರು. 1962, 63, 64, 67: ನಾಲ್ಕು ಸ್ಟ್ಯಾನ್ಲಿ ಕಪ್. 1961ರಲ್ಲಿ ಗೋಲ್‌ಕೀಪರ್‌ಗಳಿಗೆ ಕೊಡುವ ವೆಜಿನಾ ಪ್ರಶಸ್ತಿ, 1965ರಲ್ಲಿ ಟೆರ್ರಿ ಸಾಚಕ್ ಜೊತೆ ಹಂಚಿಕೊಂಡ ಇನ್ನೊಂದು. ಮುನ್ನುಗ್ಗುವ ಆಟಗಾರನ ಕಾಲಿಗೆ ಮೈಚೆಲ್ಲಿ ಸ್ಟಿಕ್ ಚುಚ್ಚಿ ಪಕ್ ಕಸಿಯುವುದು ಅವರ ಕಸುಬು. ವೃತ್ತಿಯ ಬಹುಭಾಗ ಮುಖಕ್ಕೆ ಮಾಸ್ಕ್ ಇಲ್ಲದೆಯೇ ಆಡಿದರು. ನಲವತ್ತೈದಾದ ಮೇಲೆ ನಿಲ್ಲಿಸಿದರು, 2017ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಈಗಿನ ತಂಡವೊಂದರ ಮ್ಯಾನೇಜರ್ ಮೂವತ್ತರ ಬವರ್ ಅವರ ಕಡತ ನೋಡಿದ್ದರೆ ಪಕ್ಕಕ್ಕಿಡುತ್ತಿದ್ದರು. ಅಂದಿನವರೂ ಹಾಗೇ ಇಟ್ಟಿದ್ದರು.

ಐಸ್ ಹಾಕಿ ಆಟಗಾರನ ವೃತ್ತಿಯೆಂದರೆ ಕೆಳಗೆ ಕಳೆದ ವರ್ಷಗಳೇ ಎಂದು ನಾನು ಹೇಳುವುದು ಇದಕ್ಕಾಗಿ. ಮೇಲಿನದು ಫಲ, ಕೆಳಗಿನದು ಕೃಷಿ. ಏರ್ಸ್ ಅವರ ಆ ಅರ್ಧ ಗಂಟೆ ಕೂಡ ಅಭ್ಯಾಸದಲ್ಲಿ ಮಾರ್ಲೀಸ್ ಹುಡುಗರ ಹೊಡೆತ ತಿಂದವನಿಗೆ ಸಿಕ್ಕಿದ್ದು.

ಗ್ಯಾಲರಿಯಿಂದ ಇಳಿದು ಬರುವ ಹವ್ಯಾಸಿಯ ಕಾಲ ಮಾತ್ರ ಮುಗಿಯಿತು. ಆಟಗಾರರ ಸಂಘ ಮತ್ತು ಲೀಗ್ 2025ರಲ್ಲಿ ಒಪ್ಪಿದ ಹೊಸ ಕರಾರಿನ ಪ್ರಕಾರ 2026–27ರ ಋತುವಿನಿಂದ ಪ್ರತಿ ತಂಡಕ್ಕೂ ಪೂರ್ಣಾವಧಿ ಸಂಬಳದ ತುರ್ತು ಗೋಲ್‌ಕೀಪರ್. ಹಳೆಯ ಕಥೆಗಳನ್ನು ಪ್ರೀತಿಸುವ ನನಗೂ ಇದು ಸರಿಯಾದ ತೀರ್ಮಾನವೆಂದೇ ಅನಿಸುತ್ತದೆ. ಕಾಯುವುದೂ ಕೆಲಸವೇ, ಅದಕ್ಕೂ ಸಂಬಳ ಬೇಕು.

ಟೊರಾಂಟೊದಲ್ಲಿರುವ ಕನ್ನಡಿಗರಲ್ಲಿ, ಅಲ್ಲಿಗೆ ಮಕ್ಕಳನ್ನು ನೋಡಲು ಹೋಗುವವರಲ್ಲಿ ನನ್ನದೊಂದು ಕೋರಿಕೆ. ಮೇಪಲ್ ಲೀಫ್ಸ್ ಟಿಕೆಟ್ಟಿನ ಬೆಲೆ ಕೇಳಿ ಹಿಂದೆ ಸರಿಯಬೇಡಿ. ಎಕ್ಸಿಬಿಷನ್ ಪ್ಲೇಸ್‌ನ ಕೊಲಿಸಿಯಂನಲ್ಲಿ ಮಾರ್ಲೀಸ್ ಆಡುತ್ತದೆ, ಟಿಕೆಟ್ ಅದಕ್ಕಿಂತ ಎಷ್ಟೋ ಅಗ್ಗ. ಒಂದು ಸಂಜೆ ಹೋಗಿ, ಗೋಲಿನ ಹಿಂಬದಿಯ ಸೀಟು ಹಿಡಿದು ಕೂರಿ. ಮುಂದಿನ ಬವರ್ ಇರುವುದು ಅಲ್ಲೇ.