ಮೆಲ್ಬರ್ನಿನ ವಿದ್ಯಾರ್ಥಿಗಳು ಕಟ್ಟಿದ ಉಪಗ್ರಹ

2016ನೆಯ ಇಸವಿ ಸೆಪ್ಟೆಂಬರ್ 26ರಂದು ಶ್ರೀಹರಿಕೋಟೆಯಿಂದ ಮೇಲೇರಿದ ರಾಕೆಟ್ಟಿನಲ್ಲಿ ದೊಡ್ಡ ಉಪಗ್ರಹದ ಜೊತೆಗಿದ್ದ ಚಿಕ್ಕವುಗಳ ಪೈಕಿ ಎರಡು ನಮ್ಮ ಗಮನವನ್ನು ವಿಶೇಷವಾಗಿ ಸೆಳೆದುವು. ಒಂದು ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾನಿಲಯದ ‘ಪಿಸ್ಯಾಟ್’, ಇನ್ನೊಂದು ಮುಂಬಯಿಯ ಪೊವಾಯಿಯಲ್ಲಿರುವ ಐ.ಐ.ಟಿ. ವಿದ್ಯಾರ್ಥಿಗಳ ‘ಪ್ರಥಮ್’. ತೌರೂರಿನದೂ ಅನ್ನ ಕೊಟ್ಟ ಊರಿನದೂ ಒಂದೇ ಬಂಡಿಯಲ್ಲಿ ಹೋದುವಲ್ಲಾ ಎಂದು ನಮ್ಮಂಥವರು ಹಿಗ್ಗಿದ್ದುಂಟು. ‘ಕಾಲೇಜು ಹುಡುಗರು ಉಪಗ್ರಹ ಕಟ್ಟುವುದೆಂದರೇನು, ಅದೆಲ್ಲ ಹುಡುಗಾಟ’ ಎನ್ನುವ ಹಿರಿಯರೂ ನಮ್ಮ ಮನೆಗಳಲ್ಲಿ ಇಲ್ಲದಿಲ್ಲ. ಅವರ ಸಲುವಾಗಿಯೇ ಈ ಹಳೆಯ ಕಥೆ. ಇದು ನಡೆದುದು ದೂರದ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ, 1960ರ ದಶಕದಲ್ಲಿ.

ಮೊದಲು ಹವ್ಯಾಸಿ ರೇಡಿಯೋ ಎಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸರಕಾರದ ಪರವಾನಗಿ ಪಡೆದು, ಮನೆಯಲ್ಲಿಯೇ ಪ್ರೇಷಕ ಯಂತ್ರವನ್ನಿಟ್ಟುಕೊಂಡು, ದೇಶವಿದೇಶಗಳ ಸಮಾನಾಸಕ್ತರೊಡನೆ ಮಾತನಾಡುವವರು ಈ ಹವ್ಯಾಸಿಗಳು. ಇದರಲ್ಲಿ ವ್ಯಾಪಾರವಿಲ್ಲ, ಸಂಬಳವಿಲ್ಲ. ಮನೆಯವರ ಗೊಣಗಾಟ ಮಾತ್ರ ಉಂಟು. ಸ್ಪುಟ್ನಿಕ್ ಹಾರಿ ನಾಲ್ಕೇ ವರ್ಷಗಳಲ್ಲಿ, 1961ರ ಡಿಸೆಂಬರ್ 12ರಂದು, ಅಮೆರಿಕದ ಹವ್ಯಾಸಿಗಳು ‘ಆಸ್ಕರ್ 1’ ಎಂಬ ತಮ್ಮದೇ ಉಪಗ್ರಹವನ್ನು ಕಕ್ಷೆಗೆ ಸೇರಿಸಿದರು. ಮೊದಲ ನಾಲ್ಕು ಆಸ್ಕರುಗಳೂ ಅಮೆರಿಕದವೇ. ಐದನೆಯದು ಮಾತ್ರ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳದು.

ಅಲ್ಲಿನ ಅಂತರಿಕ್ಷ ಸಂಘದ ತರುಣರು ಅದುವರೆಗೆ ಇತರರ ಉಪಗ್ರಹಗಳ ಸಂಕೇತಗಳನ್ನು ಹಿಡಿದು ಕೇಳುತ್ತಿದ್ದರು. ಕೇಳಿ ಕೇಳಿ, ನಾವೇ ಒಂದನ್ನು ಏಕೆ ಕಟ್ಟಬಾರದೆಂಬ ಹಂಬಲ ಹುಟ್ಟಿತು. ರೇಡಿಯೋ ಸಂಘದವರು ಜೊತೆಗೂಡಿದರು. ಪಾಠ, ಪರೀಕ್ಷೆಗಳ ನಡುವೆ ದೊರೆತ ಬಿಡುವಿನಲ್ಲಿ ಕೆಲಸ ಸಾಗಿತು. ಹೆಸರು ‘ಆಸ್ಟ್ರಾಲಿಸ್’.

ರೂಪದಲ್ಲಿ ಅದೊಂದು ಪೆಟ್ಟಿಗೆ: ಉದ್ದ ಸುಮಾರು 43 ಸೆಂಟಿಮೀಟರು, ಅಗಲ 30, ದಪ್ಪ 15, ತೂಕ 17.7 ಕಿಲೋಗ್ರಾಂ. ರಜೆಯಲ್ಲಿ ಊರಿಗೆ ಹೊರಟಾಗ ನಾವು ರೈಲಿಗೇರಿಸುವ ಸಣ್ಣ ಟ್ರಂಕನ್ನು ನೆನೆದುಕೊಂಡರೆ ಸರಿಹೋದೀತು. ಅದರ ಆಂಟೆನಾಗಳನ್ನು ಏತರಿಂದ ಮಾಡಿದ್ದರೆಂಬುದನ್ನು ಕೇಳಿದರೆ ನಗು ಬರುತ್ತದೆ. ಬಡಗಿಗಳು ಮರ ಅಳೆಯಲು ಬಳಸುವ ಉಕ್ಕಿನ ಟೇಪಿನಿಂದ! ಆದರೆ ಇದರಲ್ಲಿ ಜಾಣತನವಿದೆ. ಆ ಟೇಪನ್ನು ಮಡಿಸಿ ಕಟ್ಟಬಹುದು. ಬಿಟ್ಟೊಡನೆ ತಾನಾಗಿಯೇ ಚಿಮ್ಮಿ ನೆಟ್ಟಗಾಗುತ್ತದೆ. ರಾಕೆಟ್ಟಿನ ಇಕ್ಕಟ್ಟಿನಲ್ಲಿ ಮುದುಡಿ ಕುಳಿತು, ಹೊರಬಿದ್ದ ಮೇಲೆ ಕೈ ಚಾಚಬೇಕಾದ ವಸ್ತುವಿಗೆ ಇದಕ್ಕಿಂತ ಅಗ್ಗದ ಉಪಾಯ ಯಾವುದಿದ್ದೀತು?

ಇನ್ನೊಂದು ತೊಡಕಿತ್ತು. ಆಕಾಶದಲ್ಲಿ ಬಿಟ್ಟ ಪೆಟ್ಟಿಗೆ ಬುಗುರಿಯಂತೆ ತಿರುಗುತ್ತಲೇ ಇರುತ್ತದೆ. ಆಗ ಅದರ ದನಿ ಒಮ್ಮೆ ಏರಿ ಒಮ್ಮೆ ಇಳಿದು ಕೇಳುವವನನ್ನು ಕಂಗೆಡಿಸುತ್ತದೆ. ಇವರು ಒಳಗೆ ಒಂದು ಅಯಸ್ಕಾಂತವನ್ನಿಟ್ಟರು. ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ಹೊರಳುವಂತೆ ಪೆಟ್ಟಿಗೆಯೂ ಭೂಮಿಯ ಕಾಂತಕ್ಷೇತ್ರಕ್ಕೆ ಹೊಂದಿಕೊಂಡು ಶಾಂತವಾಗಬೇಕು. ಇದಕ್ಕೆ ವಿದ್ಯುತ್ತಿನ ಖರ್ಚಿಲ್ಲ. ಪುಣೆಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿ, 2016ರ ಜೂನ್ 22ರಂದು ಹಾರಿದ ‘ಸ್ವಯಂ’ ಉಪಗ್ರಹವೂ ಅಯಸ್ಕಾಂತದ ಈ ಉಪಾಯವನ್ನೇ ನೆಚ್ಚಿತ್ತೆಂಬುದನ್ನು ಪುಣೆಯ ನಮ್ಮ ಓದುಗರಿಗೆ ತಿಳಿಸಲು ಸಂತೋಷವಾಗುತ್ತದೆ.

ಕೊರತೆಯೊಂದಿತ್ತು, ಅದೂ ದೊಡ್ಡದೇ. ಬಿಸಿಲಿನಿಂದ ವಿದ್ಯುತ್ತು ಮಾಡುವ ಸೌರಕೋಶಗಳು ಇದರಲ್ಲಿರಲಿಲ್ಲ. ಒಳಗಿನ ಬ್ಯಾಟರಿ ಇರುವವರೆಗೆ ಆಯುಸ್ಸು. ಬುತ್ತಿ ಮುಗಿದರೆ ಪಯಣ ಮುಗಿದಂತೆ.

1967ರ ಜೂನ್ ವೇಳೆಗೆ ಪೆಟ್ಟಿಗೆ ಸಿದ್ಧವಾಗಿ ಅಮೆರಿಕವನ್ನು ತಲಪಿತು. ಆಸ್ಟ್ರೇಲಿಯ ದೇಶದ ಒಂದು ಉಪಗ್ರಹವೂ ಆಗ ಕಕ್ಷೆಯಲ್ಲಿರಲಿಲ್ಲ. ಕೂಡಲೇ ಹಾರಿದ್ದರೆ ಆ ಪ್ರಥಮ ಸ್ಥಾನ ಈ ವಿದ್ಯಾರ್ಥಿಗಳಿಗೇ ಸಲ್ಲುತ್ತಿತ್ತು. ಆದರೆ ಅವರದು ಬಿಟ್ಟಿ ಪ್ರಯಾಣ. ಯಾರದೋ ರಾಕೆಟ್ಟಿನ ಮೂಲೆಯಲ್ಲಿ ಜಾಗ ಸಿಕ್ಕಬೇಕು. ಸಿಕ್ಕಲಿಲ್ಲ. ಅದೇ ವರ್ಷದ ನವೆಂಬರ್ 29ರಂದು ವೂಮೆರಾದಿಂದ ‘ವ್ರೆಸ್ಯಾಟ್’ ಹಾರಿ ಆ ಕೀರ್ತಿಯನ್ನು ಪಡೆಯಿತು. ಇವರ ಪೆಟ್ಟಿಗೆ ಪರದೇಶದಲ್ಲಿ ಕುಳಿತೇ ಇತ್ತು. ಒಂದು ವರ್ಷ ಕಳೆಯಿತು, ಎರಡಾಯಿತು. ಊರಿನಿಂದ ಹಪ್ಪಳ ಸಂಡಿಗೆಯ ಗಂಟು ಒಂದು ವಾರ ತಡವಾದರೆ ಕಳವಳಪಡುವ ನಾವು ಆ ಹುಡುಗರ ಮನಸ್ಸನ್ನು ಊಹಿಸಿಕೊಳ್ಳಬಹುದು.

1969ರಲ್ಲಿ ವಾಷಿಂಗ್‌ಟನ್ನಿನ ಹವ್ಯಾಸಿಗಳು ಕೂಡಿ ‘ಆಮ್‌ಸ್ಯಾಟ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರು ಕೈಗೆತ್ತಿಕೊಂಡ ಮೊದಲ ಕೆಲಸವೇ ಈ ಮೂಲೆಗೆ ಬಿದ್ದ ಪೆಟ್ಟಿಗೆ. ಅದನ್ನು ಪರೀಕ್ಷಿಸಿ ಸಜ್ಜುಗೊಳಿಸಿದರು, ನಾಸಾದವರನ್ನು ಒಪ್ಪಿಸಿದರು. ಕಡೆಗೂ 1970ರ ಜನವರಿ 23ರಂದು ಕ್ಯಾಲಿಫೋರ್ನಿಯದ ವ್ಯಾಂಡೆನ್‌ಬರ್ಗ್‌ನಿಂದ, ಹವಾಮಾನದ ಉಪಗ್ರಹವೊಂದರ ಸಹಪ್ರಯಾಣಿಕನಾಗಿ ಆಸ್ಟ್ರಾಲಿಸ್ ಹೊರಟಿತು. ನಮ್ಮಲ್ಲಿ ಆಗ ಸಂಜೆ ಐದು ಗಂಟೆ. ಮೆಲ್ಬರ್ನಿನಲ್ಲಿ ರಾತ್ರಿ ಒಂಬತ್ತೂವರೆ. ದೊಡ್ಡ ಉಪಗ್ರಹ ಬೇರ್ಪಟ್ಟ ಮೇಲೆ ಒಂದು ಸ್ಪ್ರಿಂಗು ಇದನ್ನು ಹೊರಕ್ಕೆ ನೂಕಿತು. ಹೊರಟು ಒಂದು ಗಂಟೆಗೆ ಸ್ವಲ್ಪ ಮೇಲಾಗಿತ್ತು. ಅಷ್ಟರಲ್ಲಿ ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪದಿಂದ ಸುದ್ದಿ: ದನಿ ಕೇಳಿಸುತ್ತಿದೆ!

ಏನೆನ್ನುತ್ತಿತ್ತು ಆ ದನಿ? ಮೋರ್ಸ್ ಸಂಕೇತದಲ್ಲಿ ನಾಲ್ಕು ಚುಕ್ಕೆ, ಮತ್ತೆ ಎರಡು ಚುಕ್ಕೆ: ‘ಹಾಯ್’. ಅದಾದ ಮೇಲೆ ಏಳು ಸ್ವರಗಳು, ಒಂದಾದ ಮೇಲೊಂದು. ಒಂದು ಸ್ವರ ಬ್ಯಾಟರಿಯ ಸ್ಥಿತಿಯನ್ನು, ಇನ್ನೊಂದು ಪೆಟ್ಟಿಗೆಯ ಬಿಸಿಯನ್ನು, ಮತ್ತೊಂದು ಅದು ಯಾವ ಕಡೆ ಮುಖ ಮಾಡಿದೆಯೆಂಬುದನ್ನು, ಹೀಗೆ ತಿಳಿಸುತ್ತಿದ್ದುವು. ಸ್ವರ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂಬುದೇ ಲೆಕ್ಕ. ನಮ್ಮ ಭಾಗವತರು ಶ್ರುತಿ ಹಿಡಿದಂತೆ ಹವ್ಯಾಸಿಗಳು ಆ ಸ್ವರಗಳನ್ನು ಹಿಡಿದು, ಅಳೆದು, ಬರೆದು ಕಳುಹಿಸಿದರು. 27 ದೇಶಗಳಿಂದ ವರದಿಗಳು ಬಂದುವು. ಅಯಸ್ಕಾಂತವೂ ಮಾತು ಉಳಿಸಿಕೊಂಡಿತ್ತು. ಪೆಟ್ಟಿಗೆಯ ತಿರುಗಾಟ ತಗ್ಗಿತ್ತು.

ಬ್ಯಾಟರಿಯನ್ನು ಉಳಿಸಲು ಇವರು ಇನ್ನೊಂದು ಏರ್ಪಾಟು ಮಾಡಿದ್ದರು. ಎರಡು ಪ್ರೇಷಕಗಳ ಪೈಕಿ 29 ಮೆಗಾಹರ್ಟ್ಸ್‌ನದನ್ನು ನೆಲದಿಂದಲೇ ಆಜ್ಞೆ ಕೊಟ್ಟು ಆರಿಸಬಹುದಾಗಿತ್ತು, ಹೊತ್ತಿಸಬಹುದಾಗಿತ್ತು. ಅದನ್ನು ವಾರದ ಕೊನೆಯ ದಿನಗಳಲ್ಲಿ ಮಾತ್ರ ನಡೆಸಿದರು. ಕೇಳುವವರಿಗೂ ಬಿಡುವು ಆಗಲೇ ತಾನೆ! ನೆಲದವರ ಮಾತು ಕೇಳಿ ನಡೆದ ಮೊದಲ ಹವ್ಯಾಸಿ ಉಪಗ್ರಹ ಇದೇ. 144 ಮೆಗಾಹರ್ಟ್ಸ್‌ನ ಪ್ರೇಷಕ 23 ದಿನ ನುಡಿದು ಸುಮ್ಮನಾಯಿತು. ಇನ್ನೊಂದು 46ನೆಯ ದಿನದವರೆಗೆ ಎಳೆಯಿತು. ಮಾರ್ಚ್ ತಿಂಗಳಿನಲ್ಲಿ ಅದೂ ನಿಂತಿತು.

ಎರಡೂವರೆ ವರ್ಷಕ್ಕೂ ಹೆಚ್ಚು ಕಾದು ಒಂದೂವರೆ ತಿಂಗಳು ಮಾತು. ನಷ್ಟದ ವ್ಯವಹಾರವೆಂದು ಯಾರಾದರೂ ಹೇಳಿಯಾರು. ನನಗೆ ಹಾಗೆ ತೋರುವುದಿಲ್ಲ. 29 ಮೆಗಾಹರ್ಟ್ಸ್‌ನ ಅಲೆ ಆಕಾಶದಿಂದ ಹೇಗೆ ಇಳಿದುಬರುತ್ತದೆ ಎಂಬ ತಿಳಿವಳಿಕೆ ಈ ಪೆಟ್ಟಿಗೆಯಿಂದ ದೊರೆತಿತ್ತು. 1972ರ ಅಕ್ಟೋಬರ್ 15ರಂದು ಹಾರಿದ ‘ಆಸ್ಕರ್ 6’ ಆ ಅಲೆಯ ಮೇಲೆಯೇ ಹವ್ಯಾಸಿಗಳ ಮಾತನ್ನು ಮರಳಿ ನೆಲಕ್ಕೆ ಕಳುಹಿಸಿತು. ಅದಕ್ಕೆ ಸೌರಕೋಶಗಳಿದ್ದುವು, ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿತು.

ಮೆಲ್ಬರ್ನಿನ ಪೆಟ್ಟಿಗೆ ಕೆಳಗೆ ಬಿದ್ದಿಲ್ಲ. ಅದರ ಕಕ್ಷೆ ಸುಮಾರು 1,450 ಕಿಲೋಮೀಟರು ಎತ್ತರದಲ್ಲಿದೆ. ಅಲ್ಲಿ ತಡೆಯುವ ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ಸುಮಾರು 115 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಾ, ಬಡಗಿಯ ಟೇಪನ್ನು ಚಾಚಿಕೊಂಡು ಅದು ಇಂದಿಗೂ ಹೋಗುತ್ತಿದೆ.