'ನಮ್ಮನೇಲಿ ಎಲ್ರಿಗೂ ಹೀಗೇ' ಅಂತ ಸುಮ್ಮನಿರಬೇಡಿ

ಮಗಳು ಪೀರಿಯಡ್ಸ್ ಬಂದಾಗ ಗಂಟೆಗೊಂದು ಪ್ಯಾಡ್ ಬದಲಿಸ್ತಾಳೆ, ಎಂಟು ದಿನವಾದ್ರೂ ನಿಲ್ಲೋದಿಲ್ಲ. 'ನಮ್ಮಮ್ಮನಿಗೂ ಹಾಗೇ ಇತ್ತು, ನನಗೂ ಹಾಗೇ. ನಮ್ಮನೇಲಿ ಎಲ್ರಿಗೂ ಜಾಸ್ತೀನೇ ಬಿಡಿ' ಎಂದು ಅಮ್ಮ ಸಮಾಧಾನ ಹೇಳುತ್ತಾರೆ. ನಿಮ್ಮ ಮನೆಯಲ್ಲೂ ಈ ಮಾತು ಇದ್ದರೆ ಅದನ್ನು ಹಾಗೆಯೇ ಡಾಕ್ಟರ ಮುಂದೆ ಹೇಳಿ. ರಕ್ತ ಹೆಪ್ಪುಗಟ್ಟುವುದರಲ್ಲಿ ಏನಾದರೂ ದೋಷ ವಂಶದಲ್ಲೇ ಇದೆಯಾ ಎಂಬ ಅನುಮಾನ ಶುರುವಾಗಬೇಕಾದದ್ದು ಅಲ್ಲಿಂದಲೇ.

ಇಂಥ ಕಾಯಿಲೆ ಎಂದ ಕೂಡಲೇ ನೆನಪಾಗುವುದು ಹಿಮೋಫಿಲಿಯಾ. ಅದು ಮುಖ್ಯವಾಗಿ ಗಂಡುಮಕ್ಕಳದ್ದು, ಸುಮಾರು ನಾಲ್ಕೈದು ಸಾವಿರ ಗಂಡುಮಕ್ಕಳಲ್ಲಿ ಒಬ್ಬರಿಗೆ. ಅದಕ್ಕಿಂತ ಎಷ್ಟೋ ಸಾಮಾನ್ಯವಾದ ಇನ್ನೊಂದಿದೆ, ಹೆಸರು ಮಾತ್ರ ನಾಲಿಗೆ ತಿರುಗದಂಥದ್ದು: ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಗಾಯವಾದ ಜಾಗಕ್ಕೆ ಪ್ಲೇಟ್‌ಲೆಟ್‌ಗಳನ್ನು ಅಂಟಿಸುವ ಒಂದು ಪ್ರೋಟೀನ್ ನಮ್ಮ ರಕ್ತದಲ್ಲಿದೆ. ಅದು ಕಡಿಮೆಯಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಆದರೆ ತಿಂಗಳು ತಿಂಗಳೂ ಅನುಭವಿಸುವವಳು ಹೆಣ್ಣು ತಾನೇ?

ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಇದರ ಬಗ್ಗೆ ಮೊದಲು ಬರೆದದ್ದು ಆಲಂಡ್ ದ್ವೀಪಗಳ ಒಂದು ಕುಟುಂಬವನ್ನು ನೋಡಿ. ಅವರು ಮೊದಲು ಪರೀಕ್ಷಿಸಿದಾಗ ಐದು ವರ್ಷದವಳಾಗಿದ್ದ ಆ ಮನೆಯ ಹುಡುಗಿ ಮುಂದೆ 13ನೇ ವಯಸ್ಸಿಗೆ ತೀರಿಕೊಂಡಳು. ಅದು ಅವಳ ನಾಲ್ಕನೇ ಮುಟ್ಟು.

ಹಾಗಾದ್ರೆ ಇದು ಎಷ್ಟು ಜನಕ್ಕಿದೆ? ಯಾರನ್ನು ಎಣಿಸ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಆರೋಗ್ಯವಾಗಿ ಓಡಾಡಿಕೊಂಡಿರುವವರ ರಕ್ತ ಪರೀಕ್ಷಿಸಿದರೂ ನೂರಕ್ಕೊಬ್ಬರಲ್ಲಿ ಕೊರತೆ ಕಾಣಬಹುದು, ಅವರಲ್ಲಿ ಹಲವರಿಗೆ ತೊಂದರೆಯೇ ಇರದು. ತೊಂದರೆಯಿಂದ ವೈದ್ಯರ ಹತ್ತಿರ ಬರುವವರನ್ನಷ್ಟೇ ಲೆಕ್ಕ ಹಾಕಿದರೆ ಸಾವಿರಕ್ಕೊಬ್ಬರು. ಆದರೆ ಅತಿಸ್ರಾವವಿದ್ದ ಹೆಂಗಸರ ಮೇಲೆ ನಡೆದ ಹಲವು ಅಧ್ಯಯನಗಳನ್ನು 2004ರಲ್ಲಿ ಒಟ್ಟುಗೂಡಿಸಿ ನೋಡಿದಾಗ ನೂರರಲ್ಲಿ ಸುಮಾರು 13 ಮಂದಿಗೆ ಈ ಕಾಯಿಲೆ ಇತ್ತು! ನಮ್ಮ ದೇಶದಲ್ಲಿ ಪತ್ತೆಯಾಗುವುದು ಹೆಚ್ಚಾಗಿ ತೀವ್ರವಾದ ಬಗೆಯೇ. ಅದು ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕಾದ್ದರಿಂದ ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾಗುವ ಮನೆಗಳಲ್ಲಿ ಸಾಧ್ಯತೆ ಹೆಚ್ಚು. ಸೌಮ್ಯ ಬಗೆಯವರು ಐರನ್ ಮಾತ್ರೆ ನುಂಗಿಕೊಂಡು ಮನೆಯಲ್ಲೇ ಇದ್ದಾರೆ, ಯಾವ ಲೆಕ್ಕಕ್ಕೂ ಸಿಗೋದಿಲ್ಲ.

ದೊಡ್ಡ ಗಡ್ಡೆಗಳಾಗಿ ಹೋಗುವುದು, ರಾತ್ರಿ ಎದ್ದು ಪ್ಯಾಡ್ ಬದಲಿಸಬೇಕಾಗುವುದು, ಪದೇ ಪದೇ ಮೂಗಿನಲ್ಲಿ ರಕ್ತ, ಸುಮ್ಮಸುಮ್ಮನೆ ಮೈಮೇಲೆ ನೀಲಿ ಕಲೆ, ಹಲ್ಲು ಕೀಳಿಸಿದ ಮೇಲೆ ಗಂಟೆಗಟ್ಟಲೆ ನಿಲ್ಲದ ರಕ್ತ ಇವೆಲ್ಲ ಗಮನಿಸಬೇಕಾದವು. ಸಾಮಾನ್ಯ ಬ್ಲಡ್ ಟೆಸ್ಟ್ 'ನಾರ್ಮಲ್' ಬಂತು ಅಂತ ಬಿಟ್ಟುಬಿಡಬೇಡಿ. ಇದಕ್ಕೆಂದೇ ಬೇರೆ ಪರೀಕ್ಷೆಯಿದೆ, ಎರಡು ಸಲ ಮಾಡಿಸಬೇಕಾಗಿಯೂ ಬರಬಹುದು. ಅತಿಸ್ರಾವಕ್ಕೆ ಫೈಬ್ರಾಯ್ಡ್, ಥೈರಾಯ್ಡ್ ಕೂಡ ಕಾರಣವಾಗಬಹುದು ನಿಜ. ಆದರೆ 'ಗರ್ಭಕೋಶ ತೆಗೆಸಿಬಿಡಿ' ಎಂದು ಯಾರಾದರೂ ಹೇಳಿದರೆ, ಈ ಪರೀಕ್ಷೆ ಆಗಿದೆಯಾ ಎಂದು ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ. ದೋಷವಿರುವುದು ತಿಳಿಯದೆ ಆಪರೇಷನ್ ಮಾಡಿದರೆ ಅಲ್ಲೂ ರಕ್ತ ನಿಲ್ಲದೆ ಒದ್ದಾಡಬೇಕಾಗುತ್ತದೆ.

ಎಷ್ಟೋ ಹೆಂಗಸರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯೋ, ಹಾರ್ಮೋನ್ ಚಿಕಿತ್ಸೆಯೋ ಸಾಕಾಗುತ್ತದೆ. ಯಾವುದು, ಎಷ್ಟು ಅನ್ನುವುದನ್ನು ವೈದ್ಯರೇ ಹೇಳಬೇಕು. ಹೊಟ್ಟೆನೋವಿಗೆಂದು ಮೆಡಿಕಲ್ ಶಾಪಿನಿಂದ ನೀವೇ ತರುವ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಮದುವೆಗೆ ಮುಂಚೆ ಇದೆಲ್ಲ ಟೆಸ್ಟ್ ಮಾಡಿಸಿದರೆ ಸುದ್ದಿಯಾಗುತ್ತೆ ಎಂದು ಹೆದರುವ ಅಮ್ಮಂದಿರಿದ್ದಾರೆ. ಬಸುರಿನಲ್ಲಿ ಈ ಪ್ರೋಟೀನ್ ಸಾಮಾನ್ಯವಾಗಿ ತಾನಾಗೇ ಏರಿ, ಹೆರಿಗೆಯಾದ ಮೇಲೆ ಇಳಿಯುತ್ತದೆ. ಅಪಾಯ ಇರುವುದು ಆ ಬಾಣಂತನದ ದಿನಗಳಲ್ಲೇ. ಮೊದಲೇ ಗೊತ್ತಿದ್ದರೆ ಹೆರಿಗೆ ಡಾಕ್ಟರು ತಯಾರಾಗಿರುತ್ತಾರೆ.